ಬೆಟ್ಟಮ್ಮನ ಮನೆಯ ಕಿರೀಟ

ಪಿಂಗಳ ಸಂವತ್ಸರ, ಜ್ಯೇಷ್ಠ ಬಹುಳ ಬಿದಿಗೆ. ಹಿರೋಡೆ.

ಸಕಲಗುಣಸಂಪನ್ನರೂ, ಶ್ರೀರಂಗಪಟ್ಟಣದ ಒಂದು ಉಗ್ರಾಣದ ಕಚೇರಿಯಲ್ಲಿ ನಿನ್ನೆಯವರೆಗೆ ಬರವಣಿಗೆಯವರೂ, ಇಂದಿನಿಂದ ಏನೂ ಅಲ್ಲದವರೂ ಆದ ಲಿಂಗಾಚಾರಿಯವರು ತಮಗೆ ತಾವೇ ಸಲ್ಲಿಸಿಕೊಂಡ ವರದಿ. ಓದುವವರು ಯಾರೂ ಇಲ್ಲದ್ದರಿಂದ ನಮಸ್ಕಾರಗಳನ್ನು ಕೈಬಿಡಲಾಗಿದೆ.

ಅಪರಾಧದ ವಿವರ: ಉಗ್ರಾಣದ ಬೆಕ್ಕನ್ನು ಇಲಿಗಳ ಮೇಲಿನ ಅಮಲ್ದಾರನನ್ನಾಗಿ ನೇಮಿಸಿ, ದಿನಕ್ಕೊಂದು ಸೇರು ಹಾಲು ಗೊತ್ತುಮಾಡಿ ನಾನೊಂದು ಹುಕುಂ ಬರೆದೆ. ತಮಾಷೆಗೆ. ಶಿರಸ್ತೇದಾರರು ಅದನ್ನು ಓದದೆ ಮೊಹರು ಒತ್ತಿದರು. ಹಾಲು ಬಂತು. ಬೆಕ್ಕು ಎರಡು ಗುಟುಕು ಕುಡಿಯಿತು, ಮಿಕ್ಕದ್ದನ್ನು ಬರವಣಿಗೆಯವರು ಕುಡಿದರು. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ. ಆದರೆ ಅಮಲ್ದಾರರು ಉಗ್ರಾಣದ ಮೂಲೆಯಲ್ಲಿ ನಾಲ್ಕು ಮರಿ ಹಾಕಿದರು, ನಾನು ಮರಿಗಳಿಗೂ ಹಾಲು ಬೇಡಿ ಅರ್ಜಿ ಬರೆದೆ. ಶಿರಸ್ತೇದಾರರು ಜನ್ಮದಲ್ಲಿ ಓದಿದ ಮೊದಲನೆಯ ಅರ್ಜಿ ಅದೇ ಇರಬೇಕು.

“ನನ್ ಕೋಪ ಇಳಿಯೋವರ್ಗೂ ಮೊಕ ತೋರಿಸ್ಬ್ಯಾಡ” ಅಂದರು. ಇಳಿದಾಗ ಕರೆಸುತ್ತಾರಂತೆ.

ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ಸುತ್ತುವ ಬಾಬಾಜಾನ್ ನನ್ನನ್ನೂ ಉಪ್ಪಿನ ಜೊತೆ ಹೊರಡಿಸಿದ. ನಾಗಮಂಗಲದ ಆಚಾರಿ ಬೀದಿಗೆ ಒಬ್ಬ ಭಾಗವತ ಬೇಕಂತೆ. ಆಟದ ಪ್ರಸಂಗ ಬರೆದು, ವೇಷದವರಿಗೆ ಮಾತು ಕುಣಿತ ಕಲಿಸಿ, ಆಟದ ದಿನ ಹಿಂದೆ ನಿಂತು ಹಾಡುವವನು.

“ನಂಗೆ ಬರೆಯೋದ್ ಬರ್ತದೆ, ಕುಣಿಸೋದ್ ಬರಲ್ವಲ್ಲೋ” ಅಂದೆ.

“ಅರೇ ಭಾಯ್, ಇಡೀ ಕಚೇರೀನೇ ಕುಣಿಸ್ದೋನು ನೀನು!”

ಹಿರೋಡೆಯ ಛತ್ರದಲ್ಲಿ ಇಳಿದಿದ್ದೇವೆ. ಬಂಡೆಗಳ ಆಚೆ ಫರಂಗಿ ಸಿಪಾಯಿಗಳು ಏನೋ ಹಾಡಿಕೊಳ್ಳುತ್ತಿದ್ದಾರೆ. ಬಾಬಾಜಾನ್ ಎತ್ತುಗಳ ಮಗ್ಗುಲಲ್ಲಿ ನಿದ್ದೆ ಹೋದ. ಬೆಕ್ಕಿನ ಕಥೆಯನ್ನು ಛತ್ರದವನಿಗೆ ಹೇಳಿದೆ. ಅವನು ನಗಲಿಲ್ಲ. “ಪಾಪ, ಮರಿಗಳ ಗತಿ?” ಅಂದ.

ಅದನ್ನು ನಾನೂ ಯೋಚಿಸಿರಲಿಲ್ಲ.

ಆಷಾಢ ಶುದ್ಧ ಪಂಚಮಿ. ನಾಗಮಂಗಲ.

ಬೀದಿಯ ಅರ್ಧ ಮನೆಗಳಿಗೆ ಸೂರಿಲ್ಲ. ಐದಾರು ವರ್ಷದ ಹಿಂದೆ ಹಗೆಗಳ ದಂಡು ಬಂದಾಗ ಸುಟ್ಟದ್ದಂತೆ. ಉಳಿದರ್ಧದಲ್ಲಿ ಕಂಚು ಎರಕದವರು, ಬಡಗಿಗಳು, ಕಮ್ಮಾರರು. ಬೆಳಗಾದರೆ ಟಣ್ ಟಣ್. ನಾನೂ ಅಕ್ಕಸಾಲಿಗರ ಮಗನೇ. ಕೈಗೆ ಸುತ್ತಿಗೆ ಒಗ್ಗಲಿಲ್ಲವೆಂದು ಅಪ್ಪ ಬಳಪ ಕೊಡಿಸಿದ. ಅಪ್ಪ, ಅವ್ವ ಇಬ್ಬರೂ ಅದೇ ದಂಡಿನ ವರ್ಷ, ಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ, ಜ್ವರದಲ್ಲಿ ಹೋದರು. ಈ ಸಂಗತಿಯನ್ನು ಕಚೇರಿಯ ಧಾಟಿಯಲ್ಲಿ ಬರೆಯಲು ನೋಡಿದೆ, ಬರಲಿಲ್ಲ.

ಬೀದಿಯ ಯಜಮಾನ ವೀರಾಚಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏನ್ಲಾ, ನೀನೇಯಾ ಭಾಗವತ? ಮೀಸೆನೇ ಸರ್ಯಾಗಿ ಮೂಡಿಲ್ವಲ್ಲಾ!”

“ಹಿಂದ್ಗಡೆ ಎತ್ತಿನ್ ಮೇಲೆ ಬರ್ತಾ ಅದೆ ಯಜಮಾನ್ರೆ.”

ಇವನೂ ನಗಲಿಲ್ಲ. “ಕೇಳ್ಲಾ. ದಂಡು ಬಂದೋದ್ಮೇಲೆ ಈ ಬೀದೀಲಿ ಯಾರೂ ಗೆಜ್ಜೆ ಕಟ್ಟಿಲ್ಲ. ಅಳೇ ಭಾಗವತ್ರು ತೀರೋದ್ರು, ಪ್ರಸಂಗದ ಓಲೆ ಎಲ್ಲಾ ಬೆಂದೋದೊ. ನೀನು ಒಸ ಕತೆ ಕಟ್ಟು, ನಮ್ಮೋರ್ನ ಕುಣಿಸು. ಬ್ಯಾಸ್ಗೆಗೆ ಆಟ ಆದ್ರೆ ನೀನು ನಮ್ಮೋನು, ಒಂದ್ ಮನೆ ಎಬ್ಬಿಸ್ಕೊಡ್ತೀವಿ. ಆಗ್ದೆ ಇದ್ರೆ ನಿನ್ ದಾರಿ ನಿಂಗೆ.”

ಆಮೇಲೆ ಸುತ್ತ ಸೇರಿದ್ದವರು ತೊಡಕು ಹೇಳಿದರು. ಇಲ್ಲಿ ಒಂದೊಂದು ವೇಷ ಒಂದೊಂದು ಮನೆಗೆ ಸೇರಿದ್ದು. ಕಥೆ ಯಾವುದೇ ಆಗಲಿ, ರಾಜ ಹೊರಡಬೇಕಾದದ್ದು ಬೆಟ್ಟಮ್ಮನ ಮನೆಯಿಂದ, ಆ ಮನೆಯ ಕಿರೀಟ ಹೊತ್ತು. ಬೆಟ್ಟಮ್ಮನ ಮಗ ಕಾಳಾಚಾರಿ ಎರಕದಲ್ಲಿ ಗಟ್ಟಿಗ. ಫಿರಂಗಿ ಎರೆಯಲು ಬೇಕೆಂದು ದಂಡಿನವರು ಅವನನ್ನು ಎಳೆದೊಯ್ದರು. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಕಿರೀಟವನ್ನು ಇನ್ನೊಬ್ಬರಿಗೆ ಕೊಟ್ಟರೆ ಮಗ ಇಲ್ಲವೆಂದು ಒಪ್ಪಿದ ಹಾಗೆ. ಆಕೆ ಕೊಡುತ್ತಿಲ್ಲ.

“ಬೀದಿ ತುಂಬ ಆಚಾರಿಗಳೇ ಇದೀರಿ, ಇನ್ನೊಂದ್ ಮಾಡಿದ್ರಾಯ್ತು” ಅಂದೆ.

ದೇವರ ಹುಂಡಿ ಒಡೆಯೋಣವೇ ಎಂದು ಕೇಳಿದಂತೆ ಎಲ್ಲರೂ ನನ್ನನ್ನು ನೋಡಿದರು.

ನನಗೆ ಊಟ ಮನೆಮನೆಗೆ ಸರದಿಯ ಮೇಲೆ. ಮಲಗಲು ಬೆಟ್ಟಮ್ಮನ ಮನೆಯ ಜಗಲಿ. ಆಕೆ ಚಾಪೆ ಎಸೆದು ಒಳಗೆ ಹೋದಳು. 

ಆಷಾಢ ಬಹುಳ ದಶಮಿ.

ನಮ್ಮ ಮೇಳದ ಬಲಾಬಲ ಈ ಕೆಳಕಂಡಂತಿದೆ. ಮಂತ್ರಿಗೆ ತನ್ನ ಎಡಗಾಲು ಯಾವುದೆಂಬ ವಿಷಯದಲ್ಲಿ ಸಂದೇಹವುಂಟು. ರಾಣಿ ಕಮ್ಮಾರ, ನಾಚಿ ತಲೆ ತಗ್ಗಿಸು ಅಂದರೆ ಕುಲುಮೆ ಊದುವವನಂತೆ ಬಾಗುತ್ತಾನೆ. ರಾಜನ ಜಾಗಕ್ಕೆ ಸದ್ಯಕ್ಕೆ ಬಡಗಿ ಮಂಚಯ್ಯನನ್ನು ನಿಲ್ಲಿಸಿದ್ದೇನೆ. ಕಂಠ ಜೇನು. ಮೈ ಮಾತ್ರ ಬಾಗಿಲವಾಡ. ಸಿಂಹಾಸನದ ಮೇಲೆ ಕೂತರೆ ಸಿಂಹಾಸನ ಯಾವುದು ರಾಜ ಯಾವುದು ತಿಳಿಯದು.

ಅವನ ಕುಣಿತಕ್ಕೆ ಕೋಲು ತಟ್ಟಿ ತಟ್ಟಿ ನನ್ನ ಕೈ ಊದಿದೆ. ತಾಲೀಮು ಮುಗಿದ ಮೇಲೆ ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ. ಹೋಗುವಾಗ ದಾರಿಯಲ್ಲಿ ನಗುತ್ತಾರೆ. ಯಾವುದಕ್ಕೆ ನಗುತ್ತಾರೋ ಜಗಲಿಯವರೆಗೆ ಕೇಳಿಸುವುದಿಲ್ಲ.

ಶ್ರಾವಣ ಶುದ್ಧ ಚೌತಿ.

ಘೋರ ಪ್ರಮಾದ. ಸರದಿಯ ಊಟ ಮಾಡಿದ ಒಂದೊಂದು ಮನೆಯ ಸಾರಿನ ಮೇಲೂ ಒಂದೊಂದು ಪದ ಕಟ್ಟಿ, ನಿನ್ನೆ ತಾಲೀಮಿನಲ್ಲಿ ಕೋಡಂಗಿಯ ಬಾಯಲ್ಲಿ ಹಾಡಿಸಿದೆ. ಯಜಮಾನರ ಮನೆಯ ಸಾರಿನಲ್ಲಿ ಅವರೆಕಾಳು ಕಳೆದುಹೋಗಿ ಹುಡುಕಲು ಅಂಬಿಗನನ್ನು ಕರೆಸಿದ್ದು ಇತ್ಯಾದಿ. ಗಂಡಸರು ಬಿದ್ದು ಬಿದ್ದು ನಕ್ಕರು. ಬಂದ ಮೇಲೆ ಮೊದಲ ಸಲ ನನ್ನ ಮಾತಿಗೆ ಜನ ನಕ್ಕದ್ದು. ಆ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಗಂಡಸರು ಮನೆಗೆ ಹೋಗಿ ಪದ ಹಾಡಿದ್ದಾರೆ. ಇಂದು ಸರದಿಯ ಮನೆಯ ಬಾಗಿಲು ಮುಚ್ಚಿತ್ತು. ಪಕ್ಕದ್ದೂ ಮುಚ್ಚಿತ್ತು. ಯಜಮಾನರ ಹೆಂಡತಿ ಮಾದಮ್ಮ ಮಾತ್ರ ಬಾಗಿಲು ತೆರೆದಳು, “ಅಂಬಿಗ ಇನ್ನೂ ಬಂದಿಲ್ಲ ಕಣಪ್ಪ, ಬಂದ್ಮೇಲೆ ಬಾ” ಅನ್ನಲು.

ಜಗಲಿಗೆ ಬಂದು ಕೂತೆ. ಸಂಜೆ ಬೆಟ್ಟಮ್ಮ ಮುದ್ದೆಯ ತಣಿಗೆ ತಂದು ಮುಂದೆ ಇಟ್ಟಳು.

“ನಮ್ಮನೆ ಸಾರಿನ್ ಮ್ಯಾಲೆ ಏನ್ಲಾ ಕಟ್ಟಿದ್ದೀಯೆ?”

“ಇನ್ನೂ ಸರದಿ ಬಂದಿರ್ಲಿಲ್ಲ ಬೆಟ್ಟಮ್ಮನೋರೆ.”

“ಉಣ್ಣು. ಆಮ್ಯಾಕೆ ಕಟ್ಟು.”

ಉಂಡೆ. ಹುರುಳಿ ಸಾರು. ಪದ ಕಟ್ಟಲು ಕೂತೆ, ಒಂದೂ ಹೊಳೆಯಲಿಲ್ಲ. ಸಾರಿನಲ್ಲಿ ದೋಷವಿರಲಿಲ್ಲವೆಂದು ದಾಖಲಿಸತಕ್ಕದ್ದು.

ಭಾದ್ರಪದ ಬಹುಳ ತದಿಗೆ.

ಬೇರೆ ಮನೆಗಳ ಬಾಗಿಲು ಇನ್ನೂ ತೆರೆದಿಲ್ಲ. ಆದ್ದರಿಂದ ಊಟ ಇಲ್ಲೇ ನಡೆದಿದೆ. ಸುಮ್ಮನೆ ಉಣ್ಣುವುದು ಹೇಗೆಂದು ನೀರು ಸೇದುತ್ತೇನೆ, ಸೌದೆ ಒಡೆಯುತ್ತೇನೆ.

ಶುಕ್ರವಾರ ಶುಕ್ರವಾರ ಆಕೆ ಪೆಟ್ಟಿಗೆಯಿಂದ ಕಿರೀಟ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಹಿತ್ತಾಳೆಯ ತಗಡು, ನಡುವೆ ಕನ್ನಡಿಯ ಚೂರುಗಳು, ಎರಡು ಕಡೆ ಗಿಣಿ. ಗೂಡಿನಲ್ಲಿ ಒಂದು ಕಂಚಿನ ತಣಿಗೆ ಕವುಚಿದೆ. ಕಾಳಾಚಾರಿ ಮೊದಲ ಸಲ ತಾನೇ ಎರೆದದ್ದಂತೆ, ಅಂಚು ಒಂದು ಕಡೆ ಸೊಟ್ಟ. ಅದರಲ್ಲಿ ಯಾರಿಗೂ ಬಡಿಸುವುದಿಲ್ಲ.

ಇಂದು ಕಿರೀಟಕ್ಕೆ ಶಾಸ್ತ್ರೋಕ್ತವಾಗಿ ಅರ್ಜಿ ಹಾಕಿದೆ. ಮೊಣಕಾಲೂರಿ, “ಈ ಮೇಳದ ಪರವಾಗಿ ಪಾದಸೇವಕನಾದ ಲಿಂಗಾಚಾರಿಯು ಬೇಡಿಕೊಳ್ಳುವುದೇನೆಂದರೆ” ಎಂದು ಶುರುಮಾಡಿದೆ.

“ಏಳ್ಲಾ ಮ್ಯಾಕೆ. ಸಗಣಿ ನೀರ್ ಬಳಿದಿವ್ನಿ, ಪಂಚೆಗೆ ಅಂಟ್ಕತದೆ.”

“ಕಿರೀಟ ಕೊಡ್ರಿ. ಮಂಚಯ್ಯ ಒಂದಿನ ತಲೆಗಿಟ್ಕೊಂಡು ಹಂಗೇ ತಂದ್ಕೊಡ್ತಾನೆ.”

“ಈ ಮನೆ ಅನ್ನ ಉಂಡ ತಲೆಗೇಯ ಈ ಮನೆ ಕಿರೀಟ. ನಮ್ ಮಾವನ ಕಾಲದಿಂದ ಅಂಗೇಯ. ನಾಳೆ ಕಾಳ ಬಂದು, ಯಾರ್ ತಲೆಗಿಕ್ಕಿದ್ದೆ ಅವ್ವ ಅಂದ್ರೆ ನಾನೇನ್ ಯೋಳ್ಲಿ?”

ಅರ್ಜಿ ವಜಾ.

ಆಶ್ವೀಜ ಶುದ್ಧ ಏಕಾದಶಿ.

ಪ್ರಸಂಗ ಮುಗಿಯುತ್ತ ಬಂತು. ನನ್ನ ರಾಜ ಹಗೆಗಳ ಕೈಗೆ ಸಿಕ್ಕಿ ದೇಶದೇಶ ಅಲೆದು ಕೊನೆಗೆ ತಾಯಿಯ ಬಾಗಿಲಿಗೆ ಬರುತ್ತಾನೆ. ಅಲ್ಲಿಗೆ ಎರಡು ದಿನ ಕೂತು ಒಂದು ಮಾತು ಬರೆದಿದ್ದೆ. ಬರೆದದ್ದನ್ನು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ: “ಎಲೈ ಜನನಿಯೇ, ಛಪ್ಪನ್ನಾರು ದೇಶಗಳನ್ನು ಸುತ್ತಿ, ವೈರಿಕುಲವೆಂಬ ಕಾಡಿಗೆ ಕಿಚ್ಚಾಗಿ, ನಿನ್ನ ಚರಣಕಮಲಗಳೆಂಬ ಸರೋವರದಲ್ಲಿ ದುಂಬಿಯಂತೆ…”

ಒಳಗೆ ಬೀಸುವ ಕಲ್ಲು ನಿಂತಿತು.

“ಯಾರ್ಲಾ ಅದು, ಅಷ್ಟೊಂದು ಒದರೋನು?”

“ರಾಜ. ಊರಿಗ್ ವಾಪಸ್ ಬಂದವ್ನೆ, ತಾಯಿ ಹತ್ರ ಮಾತಾಡ್ತಾವ್ನೆ.”

“ವರ್ಸಾನ್‌ಗಟ್ಲೆ ಊರ್ ಬುಟ್ಟೋಗಿದ್ದೋನು ಬಾಗ್ಲಲ್ ನಿಂತ್ಕಂಡು ದುಂಬಿ ಗಿಂಬಿ ಅಂತಾನೇನ್ಲಾ? ‘ಅವ್ವ, ಒಟ್ಟೆ ಅಸೀತದೆ’ ಅಂತಾನೆ. ಅಷ್ಟೇಯ.”

ನನಗೆ ಸಿಟ್ಟು ಬಂತು. ರಾಜನಿಗೆ ಹೊಟ್ಟೆ ಇರಬಾರದು, ಕೀರ್ತಿ ಮಾತ್ರ ಇರಬೇಕು ಎಂದು ವಾದಿಸಿದೆ. ಆಕೆ ಮತ್ತೆ ರಾಗಿ ಬೀಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಕಲ್ಲಿನ ಸದ್ದಿನ ಮೇಲೆಯೇ ಹೇಳಿದಳು: “ಬಾಗ್ಲ ದಾಟೋವಾಗ ಬಗ್ತಾನೆ. ನಮ್ಮನೆ ಬಾಗ್ಲು ಗಿಡ್ಡ. ಅವ್ನು ಯಾವತ್ತೂ ಬಗ್ಗಿ, ಎಡಗೈ ಮ್ಯಾಲಿಕ್ತಿದ್ದ, ತಲೆ ತಾಕ್ದಂಗೆ.”

ದುಂಬಿಯನ್ನು ಬಿಡಲು ಸಂಕಟವಾಯಿತು. ಬಟ್ಟೆಯ ಕಡತದ ಮೇಲಿನ ಬಳಪದ ಸಾಲು ಒರಸಲು ಕೈ ಬರಲಿಲ್ಲ. ಪಕ್ಕದಲ್ಲಿ ಎಡಗೈ ಎಂದು ಮಾತ್ರ ಬರೆದುಕೊಂಡೆ.

ಕಾರ್ತಿಕ ಬಹುಳ ಅಷ್ಟಮಿ.

ಪಟ್ಟಣದಿಂದ ಕರೆ ಇಲ್ಲ. ಇಂದು ಮೇಳದವರೆಲ್ಲ ಯಾರದೋ ಮದುವೆಗೆ ಅತ್ತಿಕುಪ್ಪೆಗೆ ಹೋದರು. ನನ್ನನ್ನು ಕರೆಯುವುದು ಯಾರಿಗೂ ನೆನಪಾಗಲಿಲ್ಲ. ಜಗಲಿಯ ಕಂಬದೊಂದಿಗೆ ರಾಜನ ಪಾತ್ರ ನಡೆಸಿದೆ. ಮಂಚಯ್ಯನಿಗಿಂತ ವಾಸಿ.

ಮಾರ್ಗಶಿರ ಶುದ್ಧ ಷಷ್ಠಿ.

ಚಳಿ. ಬೆಟ್ಟಮ್ಮ ಕಂಬಳಿ ಕೊಟ್ಟಳು. ಒಳಮನೆಯಲ್ಲಿ ಮಲಗು ಅಂದಳು. ಮಲಗಿದೆ. ಬೇರೆ ವಿಶೇಷವಿಲ್ಲ.

ಪುಷ್ಯ ಶುದ್ಧ ನವಮಿ.

ಬುದ್ಧಿ ಓಡಿತು! ಕಾಯಿದೆಯಲ್ಲಿ ಏನಿದೆ? ಆ ಮನೆಯ ಅನ್ನ ಉಂಡ ತಲೆ. ಸರಿ, ಉಣ್ಣಿಸಿದರಾಯಿತು. ಮಂಚಯ್ಯನನ್ನು ಮೀಯಿಸಿ, ವಿಭೂತಿ ಬಳಿದು, ನೆಂಟನೆಂದು ಹೇಳಿ ಮಧ್ಯಾಹ್ನ ಊಟಕ್ಕೆ ಕರೆತಂದೆ. ಬೆಟ್ಟಮ್ಮ ಏನೂ ಕೇಳದೆ ಬಡಿಸಿದಳು. ಕಾರ್ಯ ಭದ್ರವಾಗಲೆಂದು ಅವನಿಗೆ ಇನ್ನೊಂದು ಮುದ್ದೆ ಇಕ್ಕಿಸಿದೆ, ಅವನು ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರೂ.

ಕೈ ತೊಳೆದ ಮೇಲೆ ನಾನು ಗಂಭೀರವಾಗಿ ಎದ್ದು, “ಈ ಮನೆಯ ಅನ್ನ ಈ ತಲೆಯ ಕೆಳಗೆ ಇಳಿದದ್ದಕ್ಕೆ ನಾನೇ ಸಾಕ್ಷಿ. ಇನ್ನು ಕಿರೀಟ ದಯಪಾಲಿಸಬೇಕು” ಅಂದೆ.

ಬೆಟ್ಟಮ್ಮ ನಕ್ಕಳು. ಮೊದಲ ಸಲ ನೋಡಿದ್ದು. ಮುಂದಿನ ಒಂದು ಹಲ್ಲಿಲ್ಲ.

“ಒಂದೊತ್ತು ಉಂಡೋನು ನೆಂಟ ಕಣ್ಲಾ. ಮಳೆಗಾಲ್ದಲ್ಲೂ ಉಂಡು ಬ್ಯಾಸ್ಗೇಲೂ ಉಣ್ಣೋನು ಮನೆಯೋನು.”

ಮಂಚಯ್ಯ ಹೊಟ್ಟೆ ಹಿಡಿದುಕೊಂಡು, “ಬ್ಯಾಸ್ಗೆಗಂಟ ಇಂಗೇ ಉಣ್ಬೇಕೇನ್ಲಾ? ರಾಜಾನೂ ಬ್ಯಾಡ, ಏನೂ ಬ್ಯಾಡ” ಎಂದು ಓಡಿದ.

ಹೊಸ ಉಪಾಯ ಹುಡುಕಬೇಕು. ಆ ಮನೆಯಲ್ಲಿ ಅಷ್ಟು ಕಾಲ ಉಂಡವನನ್ನು ಎಲ್ಲಿಂದ ತರಲಿ?

ಮಾಘ ಶುದ್ಧ ಹುಣ್ಣಿಮೆ.

ಬಾಬಾಜಾನ್ ಬಂದ. “ಮುಬಾರಕ್, ಲಿಂಗಪ್ಪ! ಶಿರಸ್ತೇದಾರ್ರಿಗೆ ಮೊಮ್ಮಗ ಹುಟ್ಟವ್ನೆ, ಬಹುತ್ ಖುಷ್. ‘ಆ ಶೈತಾನ್ನ ಕರ್ಕೊಂಡ್ ಬಾ, ಅವ್ನಿಲ್ದೆ ಕಚೇರೀಲಿ ನಗೋರೇ ಇಲ್ಲ’ ಅಂದ್ರು. ಫಾಲ್ಗುಣದಲ್ಲಿ ಅತ್ತಿಕುಪ್ಪೆ ಸಂತೆ ಮುಗಿಸ್ಕೊಂಡು ಇಂಗೇ ಬರ್ತೀನಿ. ನಿನ್ನಾಟದ ಮಾರನೇ ಬೆಳಿಗ್ಗೆ ತಯಾರಾಗಿರು.”

ಕುಣಿದಾಡಿದೆ. ಕಾವೇರಿಯ ಮೆಟ್ಟಿಲು, ಗಂಜಾಮಿನ ಬೀದಿ, ನನ್ನ ಮಾತಿಗೆ ನಗುವ ಜನ! ಎಂಟು ತಿಂಗಳಿಂದ ಇದಕ್ಕೇ ಕಾಯುತ್ತಿದ್ದೆ.

ಹೊರಡುವ ಮುಂಚೆ ಆಗಬೇಕಾದದ್ದು: ಹಿತ್ತಿಲ ಬೇಲಿ ಬಿಗಿಯುವುದು. ಬಾವಿಯ ಹಗ್ಗ ಹೊಸದು ಹೊಸೆಯುವುದು. ಅವ್ವನಿಗೆ ಸೊಂಟ ನೋವು, ನೀರು ಸೇದಿಕೊಡಲು ಯಾರಿಗಾದರೂ ಹೇಳಬೇಕು. ಯಾರಿಗೆ ಹೇಳುವುದೋ ತಿಳಿಯುತ್ತಿಲ್ಲ.

ಆಕೆಗೆ ವಿಷಯ ತಿಳಿಸಿದೆ. “ಓಗು, ಒಳ್ಳೇದಾಯ್ತು” ಅಂದಳು. ಈ ಹೊತ್ತು ಸಾರಿಗೆ ಉಪ್ಪಿರಲಿಲ್ಲ. ಬಾಬಾಜಾನ್ ಮಧ್ಯಾಹ್ನವಷ್ಟೇ ಉಪ್ಪು ಕೊಟ್ಟು ಹೋಗಿದ್ದ.

ಫಾಲ್ಗುಣ ಶುದ್ಧ ದಶಮಿ.

ಆಟಕ್ಕೆ ಎರಡು ದಿನ. ಹಂದರ ಹಾಕಿ ಆಗಿದೆ. ಪಂಜಿಗೆ ಹಿಪ್ಪೆ ಎಣ್ಣೆ ಬಂದಿದೆ. ರಾಜನಿಲ್ಲ.

ವೀರಾಚಾರಿ ಇಡೀ ಬೀದಿಯನ್ನು ಕರೆದುಕೊಂಡು ಬೆಟ್ಟಮ್ಮನ ಮನೆ ಮುಂದೆ ಬಂದು ನಿಂತ.

“ಬೆಟ್ಟಕ್ಕ, ಇವತ್ತು ಎರಡ್ರಾಗೊಂದು ಯೋಳ್ಬುಡು. ಕಿರೀಟ ಕೊಡ್ತೀಯೋ, ಅಂದರ ಬಿಚ್ಸಾನೋ? ಈ ಸಲ ಆಗ್ನಿಲ್ಲ ಅಂದ್ರೆ ಈ ಬೀದೀಲಿ ಇನ್ ಯಾವತ್ತೂ ಆಟ ಇಲ್ಲ. ಭಾಗವತ್ನೂ ಒಂಟೋಯ್ತಾನೆ.”

ಆಕೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು ಅಂತಲೇ ಎಲ್ಲರೂ ತಿಳಿದೆವು. ಪೆಟ್ಟಿಗೆ ಹೊತ್ತು ಹೊರಗೆ ಬಂದಳು.

“ಮಳೆಗಾಲ್ದಿಂದ ಈ ಮನೆ ಅನ್ನ ಉಂಡ ತಲೆ ನಿಮ್ ಮದ್ಯೇನೇ ನಿಂತದೆ. ನಿಮ್ಗ್ಯಾರ್ಗೂ ಕಣ್ ಕಾಣಾಕಿಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಯಾರಿರಬಹುದೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ವೀರಾಚಾರಿಯ ಕತ್ತೆ ಬಿಟ್ಟರೆ ಯಾರೂ ಇರಲಿಲ್ಲ.

“ಕತ್ತೆಗಲ್ಲ ಕಣ್ಲಾ, ನಿಂಗೆ!” ಎಂದು ಮಂಚಯ್ಯ ಕೂಗಿದ. ಇಡೀ ಬೀದಿ ನಕ್ಕಿತು. ನಾನು ಮಾಡದ ತಮಾಷೆಗೆ.

ಮಂಚಯ್ಯ ಹಿಂದೆ ನಿಂತು ಹಾಡುತ್ತಾನೆ, ನಾನು ರಾಜ. ಭಾಗವತನೇ ರಾಜನಾಗುವ ಪದ್ಧತಿ ಎಲ್ಲಿಯೂ ಇಲ್ಲವೆಂದು ಆಕ್ಷೇಪಣೆ ಬರೆಯಬೇಕೆಂದಿದ್ದೆ. ಬಳಪ ಕೆಳಗಿಟ್ಟು ಗೆಜ್ಜೆ ಕಟ್ಟಲು ಹೊರಟೆ.

ಫಾಲ್ಗುಣ ಶುದ್ಧ ತ್ರಯೋದಶಿ. ಬೆಳಿಗ್ಗೆ.

ಆಟ ಆಯಿತು.

ಮಂತ್ರಿ ಎಡಗಾಲನ್ನು ಕಂಡುಕೊಂಡ. ರಾಣಿ ನಾಚಿಕೊಂಡ. ಮಂಚಯ್ಯ ಹಾಡಿದ್ದಕ್ಕೆ ಪಾಲಹಳ್ಳಿಯಿಂದ ಬಂದಿದ್ದವರು ಕೂಡ ಎದ್ದು ನಿಂತರು. ಕೊನೆಯ ಸಂಧಿಯ ಹೊತ್ತಿಗೆ ಮೂಡಲು ಬಿಳುಪೇರುತ್ತಿತ್ತು. ಇಬ್ಬರು ಹಿಡಿದ ತೆರೆಯೇ ತಾಯಿಯ ಮನೆಯ ಬಾಗಿಲು. ಕಿರೀಟ ಭಾರ, ಒಳಗಿನ ಬಟ್ಟೆಯಲ್ಲಿ ಯಾರದೋ ಹಳೆಯ ಬೆವರಿನ ವಾಸನೆ. ಯಾರದೆಂದು ಗೊತ್ತು. ಬಗ್ಗಿದೆ, ಎಡಗೈ ಮೇಲಿಟ್ಟೆ. ಬಾಯಲ್ಲಿ ದುಂಬಿಯ ಮಾತು ಸಿದ್ಧವಾಗಿತ್ತು. ಎರಡು ದಿನದಿಂದ ಅದನ್ನೇ ಉರುಹೊಡೆದಿದ್ದೆ.

“ಅವ್ವ, ಒಟ್ಟೆ ಅಸೀತದೆ” ಅಂದೆ.

ಮದ್ದಳೆ ತಟ್ಟುವವನು ಕೈ ನಿಲ್ಲಿಸಿಬಿಟ್ಟ. ಹೆಂಗಸರ ಸಾಲಿನಲ್ಲಿ ಬೆಟ್ಟಮ್ಮ ಎದ್ದು ನಿಂತಳು. ಸೆರಗು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಜನರನ್ನು ಸರಿಸಿಕೊಂಡು ಹೊರಟುಹೋದಳು.

ನನಗೆ ಆಮೇಲಿನದು ಸರಿಯಾಗಿ ನೆನಪಿಲ್ಲ. ಮಂಗಳ ಹಾಡಿದರು. ವೀರಾಚಾರಿ ತಬ್ಬಿಕೊಂಡ. ಎಲ್ಲರೂ ಸುತ್ತ ನಿಂತು ನನ್ನನ್ನು ಹೊಗಳುತ್ತಿದ್ದರು. ಹಿರೋಡೆಯ ಛತ್ರದಲ್ಲಿ ಗುರುತಿಲ್ಲದವರ ನಡುವೆ ಒಬ್ಬನೇ ಕೂತ ಹಾಗಿತ್ತು. ಆಕೆಯನ್ನು ನೋಯಿಸಿದೆ, ಕಿರೀಟ ಕೊಟ್ಟು ಹೊರಟುಬಿಡುವುದು ಅಂದುಕೊಂಡು ಬಣ್ಣದ ಮುಖದಲ್ಲೇ ಮನೆಗೆ ನಡೆದೆ.

ಮಾಡಿನಿಂದ ಹೊಗೆ ಏಳುತ್ತಿತ್ತು.

ಒಲೆಯ ಮುಂದೆ ಕೂತಿದ್ದಳು. ಹಬ್ಬಕ್ಕೆಂದು ಇಟ್ಟಿದ್ದ ನೆಲ್ಲಕ್ಕಿ ಬೇಯುತ್ತಿತ್ತು. ಗೂಡಿನಲ್ಲಿ ಕವುಚಿದ್ದ ಸೊಟ್ಟ ಅಂಚಿನ ತಣಿಗೆ ತೊಳೆದು ನೆಲದ ಮೇಲಿತ್ತು.

“ಕೂತ್ಕ.”

ಕೂತೆ. ಕಿರೀಟ ತೊಡೆಯ ಮೇಲಿಟ್ಟುಕೊಂಡು ಉಂಡೆ. ಅವ್ವ ನನ್ನನ್ನು ನೋಡುತ್ತಿದ್ದಳೋ, ತಣಿಗೆಯನ್ನು ನೋಡುತ್ತಿದ್ದಳೋ. ಸೊಟ್ಟ ಇರುವ ಕಡೆಯಿಂದ ಸಾರು ಹರಿದು ಬರುತ್ತಿತ್ತು. ಅವಳೇ ಕೈ ಚಾಚಿ ತಣಿಗೆಯನ್ನು ಸ್ವಲ್ಪ ತಿರುಗಿಸಿದಳು.

ಉಂಡಾದ ಮೇಲೆ ಕಿರೀಟವನ್ನು ಪೆಟ್ಟಿಗೆಗೆ ಇಡಲು ಹೋದೆ.

“ಅಲ್ ಬ್ಯಾಡ. ಗೂಟಕ್ ನ್ಯಾತಾಕು.” ಒಲೆಯ ಕೆಂಡ ಕೆದಕುತ್ತ ಅಂದಳು, “ಕಾಳ ಬಂದ್ ದಿನ ನೀನೇ ಅದ್ನ ಇಳ್ಸಿ ಅವ್ನ್ ಕೈಗ್ ಕೊಡ್ಬೇಕು. ನನ್ ಕೈಲಾಗಾಕಿಲ್ಲ.”

“ಯಾವಾಗ್ ಬರ್ತಾನೋ ಏನೋ ಅವ್ವ.”

“ಅದ್ಕೇಯ ಯೋಳಿದ್ದು.”

ಹೊರಗೆ ಎತ್ತುಗಳ ಗಂಟೆ. “ಲಿಂಗಪ್ಪಾ! ಚಲೋ, ಬಿಸ್ಲು ಏರ್ತದೆ!”

ಬಾಗಿಲಿಗೆ ಹೋದೆ. “ಬಾಬಾಜಾನ್, ಶಿರಸ್ತೇದಾರ್ರಿಗೆ ನನ್ ಸಲಾಂ ಹೇಳು. ನನ್ ಜಾಗಕ್ಕೆ ಬೆಕ್ಕಿನ್ ಮರೀಲಿ ದೊಡ್ಡದ್ನ ನೇಮಿಸ್ಕೊಳ್ಳಿ ಅನ್ನು. ಆ ನಾಲ್ಕೂ ಬದ್ಕವಾ, ಸ್ವಲ್ಪ ನೋಡ್ಕೊಂಡ್ ಬಾ.”

ಅವನು ನನ್ನ ಬಣ್ಣದ ಮುಖ ನೋಡಿದ, ಒಳಗಿನ ಹೊಗೆ ನೋಡಿದ. “ಪಾಗಲ್” ಎಂದು ಒಂದು ಹಿಡಿ ಉಪ್ಪನ್ನು ಜಗಲಿಯ ಮೇಲೆ ಸುರಿದು ಹೊರಟ. ಗಂಟೆಯ ಸದ್ದು ಕೆರೆ ಏರಿಯ ಆಚೆ ಕರಗಿಹೋಯಿತು.

ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಆಟ ನೋಡಲು ಬಂದು ಉಳಿದ ಪರವೂರಿನ ಹೆಂಗಸೊಬ್ಬಳು ಕಟ್ಟೆಯ ಮೇಲೆ ಮುಖ ತೊಳೆಯುತ್ತಿದ್ದಳು. ಅರ್ಧ ಅಳಿಸಿದ ಮೀಸೆಯ ರಾಜ ನೀರು ಸೇದುವುದನ್ನು ಕಂಡು ಬೆಚ್ಚಿ, “ಯಾರ್ ಮನೆಯೋನಪ್ಪ ನೀನು?” ಅಂದಳು.

ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ.

“ಬೆಟ್ಟಮ್ಮನ ಮನೆಯೋನು” ಅಂದೆ.